ಕುದುರೆಮುಖದ ಜಲಪಾತಗಳಿಗೆ ಹೊರಡುವ ಮುನ್ನ: ಪರ್ಮಿಟ್‌ನಿಂದ ವಾಪಸ್ ದಾರಿಯವರೆಗೆ

ಕುದುರೆಮುಖಕ್ಕೆ ಹೊರಟು ಅರ್ಧಕ್ಕೇ ವಾಪಸ್ ಬಂದವರನ್ನು ಕೇಳಿ ನೋಡಿ. ಕಥೆ ಹೆಚ್ಚುಕಡಿಮೆ ಒಂದೇ ಇರುತ್ತದೆ. ಹೋಮ್‌ಸ್ಟೇ ಬುಕ್ ಆಗಿತ್ತು, ಬಸ್ ಟಿಕೆಟ್ ಆಗಿತ್ತು, ಹೊಸ ಶೂ ಬಂದಿತ್ತು. ಪರ್ಮಿಟ್ ಮಾತ್ರ ಇರಲಿಲ್ಲ. ಇಲ್ಲವೇ ಪರ್ಮಿಟ್ ಇತ್ತು, ಆದರೆ ಅದು ಬೇರೆ ಬೆಟ್ಟದ್ದು. ಇನ್ನು ಕೆಲವರು ಮ್ಯಾಪ್ ನಂಬಿ ಕುದುರೆಮುಖ ಪಟ್ಟಣಕ್ಕೆ ಹೋಗಿ ಇಳಿದು, ಚಾರಣ ಎಲ್ಲಿಂದ ಶುರು ಅಂತ ಬೆಳಗ್ಗೆ ಎಂಟು ಗಂಟೆಗೆ ವಿಚಾರಿಸುತ್ತಾ ನಿಂತಿರುತ್ತಾರೆ.

ಇದರಲ್ಲಿ ಮುಕ್ಕಾಲು ಪಾಲು ತೊಂದರೆ ಕೆಲಸಗಳ ಕ್ರಮ ತಪ್ಪಿದ್ದರಿಂದ ಬರುವಂಥದ್ದು. ಮೊದಲು ಯಾವ ಜಲಪಾತ ಅಂತ ತೀರ್ಮಾನ, ಆಮೇಲೆ ತಿಂಗಳು, ಆಮೇಲೆ ಪರ್ಮಿಟ್, ಆಮೇಲೆ ಜೀಪು ಮತ್ತು ಗೈಡ್, ನಂತರ ರೂಮು, ಕೊನೆಗೆ ಬಸ್ಸು. ಹೆಚ್ಚಿನವರು ಇದನ್ನು ಪೂರ್ತಿ ಉಲ್ಟಾ ಮಾಡುತ್ತಾರೆ. ಕೆಳಗಿನ ಹಂತಗಳನ್ನು ಬರೆದಿರುವ ಕ್ರಮದಲ್ಲೇ ಮುಗಿಸುತ್ತಾ ಹೋಗಿ.

## ಹಂತ 1: ಯಾವ ಜಲಪಾತ ಅಂತ ಮೊದಲು ತೀರ್ಮಾನಿಸಿ

ಕುದುರೆಮುಖ ರಾಷ್ಟ್ರೀಯ ಉದ್ಯಾನ ಸುಮಾರು 600 ಚದರ ಕಿಲೋಮೀಟರ್ ಹರಡಿದೆ. ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆ ಇದರೊಳಗೆ ಬರುತ್ತವೆ. ‘ಕುದುರೆಮುಖಕ್ಕೆ ಹೋಗೋಣ’ ಅಂದರೆ ಸಾಲದು. ಎಲ್ಲಿಗೆ, ಯಾವ ಕಡೆಯಿಂದ ಅನ್ನುವುದೇ ಮುಂದಿನ ಎಲ್ಲವನ್ನೂ ನಿರ್ಧರಿಸುತ್ತದೆ.

ನಡೆಯಲು ಆಗದ ಹಿರಿಯರು, ಚಿಕ್ಕ ಮಕ್ಕಳು ಜೊತೆಗಿದ್ದರೆ ರಸ್ತೆ ಬದಿಯ ಜಲಪಾತಗಳೇ ಸಾಕು. ಕಾರ್ಕಳದಿಂದ ಬಜಗೋಳಿ, ಮಾಳ ದಾಟಿ ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ) ತಲುಪಿ, ಅಲ್ಲಿಂದ ಕುದುರೆಮುಖದ ರಸ್ತೆ ಹಿಡಿದರೆ ಹನುಮನಗುಂಡಿಯೂ ಕದಂಬಿಯೂ ಸಿಗುತ್ತವೆ. ಕದಂಬಿಗೆ ಕಾರಿನಿಂದ ಇಳಿದರೆ ಮುಗಿಯಿತು, ರಸ್ತೆ ಪಕ್ಕದಲ್ಲೇ ನೀರು ಬೀಳುತ್ತದೆ. ಹನುಮನಗುಂಡಿಗೆ ಗೇಟಿನಲ್ಲಿ ಟಿಕೆಟ್ ತಗೊಂಡು ಕಾಡಿನೊಳಗೆ ಮೆಟ್ಟಿಲು ಇಳಿಯಬೇಕು. ಇಳಿಯುವಾಗ ಯಾರೂ ದೂರುವುದಿಲ್ಲ. ವಾಪಸ್ ಹತ್ತುವಾಗ ಮಂಡಿನೋವಿನವರು ಪ್ರತಿ ತಿರುವಿನಲ್ಲೂ ಕೂರುತ್ತಾರೆ. ಮೇಲಿನ ಗೇಟು ಸಂಜೆ ಬೇಗ ಮುಚ್ಚುತ್ತದೆ, ಆದ್ದರಿಂದ ಮಧ್ಯಾಹ್ನದೊಳಗೆ ಅಲ್ಲಿರಿ. ಈ ಎರಡಕ್ಕೂ ಚಾರಣದ ಪರ್ಮಿಟ್ ಬೇಡ.

ಎರಡನೆಯದು ಕುದುರೆಮುಖ ಶಿಖರದ ಚಾರಣ. ಎತ್ತರ 1894 ಮೀಟರ್. ಹೋಗಿ ಬರುವುದು ಸೇರಿ 20 ಕಿಲೋಮೀಟರಿಗೂ ಜಾಸ್ತಿ ನಡಿಗೆ. ದಾರಿಯುದ್ದಕ್ಕೂ ಹಳ್ಳಗಳು, ಮಳೆಗಾಲದಲ್ಲಿ ಬೆಟ್ಟದ ಮಡಿಲಿನಿಂದ ಬೀಳುವ ಸಣ್ಣಪುಟ್ಟ ಝರಿಗಳು, ಶೋಲಾ ಕಾಡು, ಹುಲ್ಲುಗಾವಲು. ಇದು ಶುರುವಾಗುವುದು ಕುದುರೆಮುಖ ಪಟ್ಟಣದಿಂದ ಅಲ್ಲ, ಕಳಸದ ಕಡೆಯ ಸಂಸೆ ಹತ್ತಿರದ ಮುಳ್ಳೋಡಿಯಿಂದ. ಮ್ಯಾಪ್‌ನಲ್ಲಿ ‘ಕುದುರೆಮುಖ’ ಅಂತ ಹಾಕಿದರೆ ಹಳೆಯ ಗಣಿ ಪಟ್ಟಣಕ್ಕೆ ಕರೆದೊಯ್ಯುತ್ತದೆ. ಸಂಸೆ ಅಲ್ಲಿಂದ ಕಳಸದ ದಾರಿಯಲ್ಲಿ ಇನ್ನೂ ಮುಂದಿದೆ. ಮ್ಯಾಪ್‌ಗೆ ‘ಸಂಸೆ’ ಹಾಕಿ, ಉಳಿದದ್ದನ್ನು ಜೀಪಿನವರ ಹತ್ತಿರ ಕೇಳಿ.

ಮೂರನೆಯದು ಬಂಡಾಜೆ ಅರ್ಬಿ. ಜಲಪಾತವೇ ಗುರಿಯಾದ ಚಾರಣ ಬೇಕಿದ್ದರೆ ಇದೇ ಸರಿ. ಆದರೆ ಇದಕ್ಕೆ ಎರಡು ಬಾಗಿಲು. ಬೆಳ್ತಂಗಡಿ ತಾಲ್ಲೂಕಿನ ವಳಂಬ್ರದಿಂದ ಹತ್ತಿದರೆ ಕೆಳಗಿನ ದಟ್ಟ ಕಾಡಿನ ಸೆಕೆಯಲ್ಲಿ ಬೆವರು ಸುರಿಸಿ, ಆಮೇಲೆ ಹುಲ್ಲಿನ ಕಡಿದಾದ ಏರು. ಮೂಡಿಗೆರೆ ಕಡೆಯ ಸುಂಕಸಾಲೆಯಿಂದ ಬಂದರೆ ಬಲ್ಲಾಳರಾಯನ ದುರ್ಗದ ಕೋಟೆ ಮೂಲಕ ಮೇಲಿಂದ ಜಲಪಾತದ ನೆತ್ತಿಗೆ ಬರುತ್ತೀರಿ. ಎರಡರ ನಡುವೆ ಘಾಟಿಯೇ ಇದೆ. ಒಂದು ಕಡೆ ಕಾರು ನಿಲ್ಲಿಸಿ ಇನ್ನೊಂದು ಕಡೆ ಇಳಿದವರು ಕಾರಿಗಾಗಿ ಚಾರ್ಮಾಡಿ ಸುತ್ತಿ ಬರಬೇಕಾಗುತ್ತದೆ. ಮೊದಲ ಸಲ ಹೋಗುವವರು ಹತ್ತಿದ ಕಡೆಗೇ ಇಳಿಯಿರಿ.

ಇಲ್ಲಿ ಒಂದು ಸಾಮಾನ್ಯ ತಪ್ಪು: ಶಿಖರ, ಹನುಮನಗುಂಡಿ, ಕದಂಬಿ, ಹೊರನಾಡು, ಶೃಂಗೇರಿ ಎಲ್ಲವನ್ನೂ ಶನಿವಾರ-ಭಾನುವಾರಕ್ಕೆ ತುರುಕುವುದು. ಒಂದು ದಿನಕ್ಕೆ ಒಂದೇ ಚಾರಣ. ಚಾರಣದ ದಿನ ಬೇರೆ ಯಾವುದೂ ಬೇಡ. ರಸ್ತೆ ಬದಿಯ ಜಲಪಾತಗಳನ್ನು ಮರುದಿನಕ್ಕೆ ಇಟ್ಟುಕೊಳ್ಳಿ, ಕಾಲು ಹಿಡಿದುಕೊಂಡಿದ್ದರೂ ಅಷ್ಟು ನಡೆಯಬಹುದು.

## ಹಂತ 2: ತಿಂಗಳು ಆರಿಸುವುದು

ರೀಲ್ಸ್‌ನಲ್ಲಿ ಕಾಣುವ ಹಸಿರು, ಮಂಜು, ಬಿಳಿ ನೀರು ಎಲ್ಲ ಒಂದೇ ದಿನ ಸಿಗುವುದು ಅಪರೂಪ. ಜೂನ್ ಕೊನೆಯಿಂದ ಆಗಸ್ಟ್‌ವರೆಗೆ ನೀರು ಭರ್ತಿ ಇರುತ್ತದೆ, ಆದರೆ ಮಂಜಿನಿಂದ ಜಲಪಾತದ ಸದ್ದು ಮಾತ್ರ ಕೇಳಿ ಬಂದವರೂ ಇದ್ದಾರೆ. ಹಳ್ಳ ತುಂಬಿದರೆ ದಾಟಲು ಬಿಡುವುದೇ ಇಲ್ಲ.

ನೀರೂ ಬೇಕು, ನೋಟವೂ ಬೇಕು ಅನ್ನುವವರಿಗೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ದಿನಗಳು ಒಳ್ಳೆಯವು. ಅಕ್ಟೋಬರಿನಲ್ಲಿ ಒಂದು ಎಚ್ಚರ ಬೇಕು. ಬೆಳಗ್ಗೆ ಬಿಸಿಲಿದ್ದು ಮಧ್ಯಾಹ್ನ ಮೂರಕ್ಕೆ ಗುಡುಗು-ಸಿಡಿಲು ಶುರುವಾಗುವ ಕಾಲ ಅದು. ಡಿಸೆಂಬರ್, ಜನವರಿಯಲ್ಲಿ ನಡಿಗೆ ಸುಲಭ, ಆಕಾಶ ತಿಳಿ, ಆದರೆ ಬಂಡಾಜೆಯಂಥ ಜಲಪಾತದಲ್ಲಿ ನೀರು ಸೊರಗಿರುತ್ತದೆ.

ಬೇಸಿಗೆ ಪ್ಲಾನ್ ಮಾಡಲೇಬೇಡಿ. ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಶುರುವಾದ ಕೂಡಲೇ ಅರಣ್ಯ ಇಲಾಖೆ ಚಾರಣ ನಿಲ್ಲಿಸುತ್ತದೆ. ಏಪ್ರಿಲ್ ರಜೆಗೆ ಮಕ್ಕಳನ್ನು ಕರೆದುಕೊಂಡು ಹೋಗೋಣ ಅಂದುಕೊಂಡವರು ಪ್ರತಿ ವರ್ಷ ಇದರಲ್ಲಿ ಸಿಕ್ಕಿಬೀಳುತ್ತಾರೆ.

## ಹಂತ 3: ಪರ್ಮಿಟ್

ಇದು ಸಿಕ್ಕದೆ ಒಂದು ರೂಪಾಯಿಯನ್ನೂ ಬೇರೆಲ್ಲಿಗೂ ಕೊಡಬೇಡಿ.

2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನ ಮುಗಿಬಿದ್ದ ಮೇಲೆ ರಾಜ್ಯದ ಚಾರಣಗಳಿಗೆ ಆನ್‌ಲೈನ್ ಬುಕಿಂಗ್ ಬಿಗಿಯಾಯಿತು. ಈಗ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ವೆಬ್‌ಸೈಟಿನಲ್ಲೇ ಟಿಕೆಟ್ ಮಾಡಿಸಬೇಕು. ಪ್ರತಿ ದಾರಿಗೆ ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಶನಿವಾರ-ಭಾನುವಾರ, ಅದರಲ್ಲೂ ಸಾಲು ರಜೆಗಳು, ಬೇಗ ಭರ್ತಿಯಾಗುತ್ತವೆ. ಚೆಕ್‌ಪೋಸ್ಟಿನಲ್ಲಿ ‘ಸರ್, ದೂರದಿಂದ ಬಂದಿದ್ದೀವಿ’ ಅಂದರೆ ನಡೆಯುವುದಿಲ್ಲ. ಅಲ್ಲಿನ ಸಿಬ್ಬಂದಿ ದಿನಕ್ಕೆ ಹತ್ತು ಸಲ ಅದೇ ಮಾತು ಕೇಳಿರುತ್ತಾರೆ.

ಬುಕ್ ಮಾಡುವಾಗ ಹೀಗೆ ಮಾಡಿ:

1. ಬರುವ ಪ್ರತಿಯೊಬ್ಬರ ಹೆಸರು, ವಯಸ್ಸು, ಗುರುತಿನ ಚೀಟಿಯ ನಂಬರ್ ಮೊದಲೇ ಒಂದು ಕಡೆ ಬರೆದಿಟ್ಟುಕೊಳ್ಳಿ. ಫಾರಂ ತುಂಬುತ್ತಾ ವಾಟ್ಸ್ಯಾಪಿನಲ್ಲಿ ‘ನಿನ್ನ ಆಧಾರ್ ಕಳಿಸು’ ಅಂತ ಕಾಯುತ್ತಾ ಕೂತರೆ ಸೀಟು ಹೋಗಿರುತ್ತದೆ.

2. ದಾರಿಯ ಹೆಸರನ್ನು ಎರಡು ಸಲ ಓದಿ. ಕುದುರೆಮುಖ ಶಿಖರ, ನೇತ್ರಾವತಿ ಶಿಖರ, ಕುರಿಂಜಲ್, ಗಂಗಡಿಕಲ್ಲು, ಬಂಡಾಜೆ ಎಲ್ಲವೂ ಬೇರೆ ಬೇರೆ ಟಿಕೆಟ್. ಸಂಸೆಯ ಆಸುಪಾಸಿನಿಂದಲೇ ನೇತ್ರಾವತಿಗೂ ಹೋಗುವುದರಿಂದ ಈ ಎರಡನ್ನು ಅದಲುಬದಲು ಮಾಡಿಕೊಳ್ಳುವವರು ಜಾಸ್ತಿ. ಒಂದರ ಟಿಕೆಟ್ ತೋರಿಸಿ ಇನ್ನೊಂದನ್ನು ಹತ್ತಲು ಆಗುವುದಿಲ್ಲ.

3. ಬಂಡಾಜೆಗಾದರೆ ಯಾವ ಕಡೆಯ ಪ್ರವೇಶ ಅನ್ನುವುದನ್ನು ಟಿಕೆಟಿನಲ್ಲಿ ನೋಡಿಕೊಳ್ಳಿ.

4. ಹಣ ಕಟ್ಟಿದ ಮೇಲೆ ಟಿಕೆಟನ್ನು ಮೊಬೈಲಿಗೆ ಇಳಿಸಿಕೊಳ್ಳಿ, ಒಂದು ಪ್ರಿಂಟೂ ಇರಲಿ. ಲಿಂಕ್ ಇದೆಯಲ್ಲ ಅಂತ ಸುಮ್ನೆ ಕೂರಬೇಡಿ. ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ.

5. ಕುದುರೆಮುಖ ಭರ್ತಿಯಾಗಿದ್ದರೆ ಅದೇ ದಿನಕ್ಕೆ ನೇತ್ರಾವತಿ ಅಥವಾ ಕುರಿಂಜಲ್ ಇದೆಯಾ ನೋಡಿ. ಕುರಿಂಜಲ್ ಕುದುರೆಮುಖ ಪಟ್ಟಣದ ಕಡೆಯಿಂದ, ನಡಿಗೆಯೂ ಕಡಿಮೆ. ಅದು ಮುಗಿಸಿ ಮರುದಿನ ಕದಂಬಿ, ಹನುಮನಗುಂಡಿ ನೋಡಿಕೊಂಡು ಕಾರ್ಕಳದ ಕಡೆ ಇಳಿದರೆ ಪ್ರವಾಸ ಚೆನ್ನಾಗಿಯೇ ಆಗುತ್ತದೆ.

ತಂಡ ಕಟ್ಟಿ ಕರೆದೊಯ್ಯುವವರ ಜೊತೆ ಹೋಗುತ್ತಿದ್ದರೆ ‘ಪರ್ಮಿಟ್ ಸೇರಿದೆ’ ಅನ್ನುವ ಮಾತಿಗೆ ಹಣ ಕಳಿಸಬೇಡಿ. ನಿಮ್ಮ ಹೆಸರಿರುವ ಟಿಕೆಟ್ ಕೇಳಿ. ‘ಹಿಂದಿನ ದಿನ ಕಳಿಸ್ತೀವಿ’, ‘ಅಲ್ಲೇ ಹೇಳಿಸ್ತೀವಿ’, ‘ಗ್ರೂಪಲ್ಲಿ ಒಬ್ಬರು ಬರಲ್ಲ, ಅವರ ಹೆಸರಲ್ಲಿ ಬನ್ನಿ’ ಈ ಮೂರರಲ್ಲಿ ಯಾವುದಾದರೂ ಒಂದು ಕೇಳಿಸಿದರೆ ಬೇರೆಯವರನ್ನು ನೋಡಿ. ಚೆಕ್‌ಪೋಸ್ಟಿನಲ್ಲಿ ಟಿಕೆಟಿನ ಹೆಸರನ್ನೂ ಗುರುತಿನ ಚೀಟಿಯನ್ನೂ ಜೋಡಿಸಿ ನೋಡುತ್ತಾರೆ.

ಭಾರಿ ಮಳೆಯ ಮುನ್ಸೂಚನೆ ಬಂದರೆ ಇಲಾಖೆ ಯಾವ ದಿನ ಬೇಕಾದರೂ ಚಾರಣ ನಿಲ್ಲಿಸಬಹುದು. ಆದ್ದರಿಂದ ರದ್ದು ಮಾಡುವ ಮತ್ತು ಹಣ ವಾಪಸಿನ ನಿಯಮವನ್ನು ಪಾವತಿಗೆ ಮೊದಲೇ ಓದಿ. ಮಳೆಗಾಲಕ್ಕೆ ಬುಕ್ ಮಾಡುವವರು ಹೋಮ್‌ಸ್ಟೇ ಜೊತೆಗೂ ‘ಚಾರಣ ನಿಂತರೆ ಮುಂಗಡ ಏನಾಗುತ್ತದೆ’ ಅಂತ ಬರಹದಲ್ಲಿ ಕೇಳಿಟ್ಟುಕೊಳ್ಳಿ.

## ಹಂತ 4: ಜೀಪು, ಗೈಡ್, ರೂಮು, ಬಸ್ಸು

ಸಂಸೆ ಕಡೆಯಿಂದ ಮುಳ್ಳೋಡಿಗೆ ಹೋಗುವ ದಾರಿ ಕಲ್ಲು, ಕೊರಕಲು, ಕೆಸರು. ನಿಮ್ಮ ಕಾರು ಅಲ್ಲಿಗೆ ಹೋಗುವುದಿಲ್ಲ. ಬೈಕ್ ಏರಿಸಲು ಹೋದವರು ಮಳೆಗಾಲದಲ್ಲಿ ಬಿದ್ದು ಕಾಲು ಉಳುಕಿಸಿಕೊಳ್ಳುತ್ತಾರೆ, ಚಾರಣ ಶುರುವಾಗುವ ಮೊದಲೇ. ಸ್ಥಳೀಯ ಜೀಪೇ ಸರಿಯಾದ ದಾರಿ. ಇಡೀ ಜೀಪಿಗೆ ಬಾಡಿಗೆಯೋ ತಲೆಗೆ ಇಷ್ಟೋ, ಹೋಗಿ ಬರುವುದು ಸೇರಿದೆಯೋ, ಸಂಜೆ ಎಷ್ಟು ಗಂಟೆಯವರೆಗೆ ಕಾಯುತ್ತಾರೆ ಈ ಮೂರನ್ನು ಫೋನಿನಲ್ಲೇ ಮಾತಾಡಿ ಮುಗಿಸಿ. ಜೀಪು ಬೆಳಗ್ಗೆ ಆರಕ್ಕೇ ಸಿಗಬೇಕು. ‘ಏಳೂವರೆಗೆ ಬರ್ತೀನಿ’ ಅಂದರೆ ಒಪ್ಪಬೇಡಿ, ಆ ಒಂದೂವರೆ ಗಂಟೆಯ ಬೆಲೆ ಮಧ್ಯಾಹ್ನ ಗೊತ್ತಾಗುತ್ತದೆ. ಸೋಮಾವತಿ ಜಲಪಾತ ಇದೇ ಸುತ್ತಿನಲ್ಲಿದೆ. ನೋಡುವ ಆಸೆ ಇದ್ದರೆ ಹಿಂದಿನ ದಿನ ಸಂಜೆಗೆ ಹೇಳಿಡಿ.

ಗೈಡ್ ಜೊತೆಗೇ ನಡೆಯಬೇಕು. ಮುಳ್ಳೋಡಿಯಲ್ಲಿ ಗೈಡ್ ಆಗಿ ಬರುವವರು ಅಲ್ಲಿಯವರೇ. ಯಾವ ಹಳ್ಳ ಎಷ್ಟು ಹೊತ್ತಿಗೆ ಏರುತ್ತದೆ ಅಂತ ಅವರಿಗೆ ಗೊತ್ತು. ‘ಸಾಕು, ತಿರುಗೋಣ’ ಅಂತ ಅವರು ಹೇಳಿದರೆ ವಾದ ಮಾಡಬೇಡಿ.

ರೂಮು ಎಲ್ಲಿ ಅನ್ನುವುದು ಚಾರಣದ ಬಾಗಿಲಿನ ಮೇಲೆ ನಿಂತಿದೆ. ಶಿಖರಕ್ಕಾದರೆ ಸಂಸೆ ಅಥವಾ ಕಳಸ. ಬಂಡಾಜೆಗೆ ಕೆಳಗಿನಿಂದಾದರೆ ಉಜಿರೆ ಕಡೆ, ಮೇಲಿನಿಂದಾದರೆ ಸುಂಕಸಾಲೆ, ಕೊಟ್ಟಿಗೆಹಾರದ ಸುತ್ತ. ಚಿಕ್ಕಮಗಳೂರು ಪೇಟೆಯಲ್ಲಿ ರೂಮು ಮಾಡಿ ಬೆಳಗ್ಗೆ ಎದ್ದು ಸಂಸೆಗೆ ಬರುತ್ತೇವೆ ಅನ್ನುವುದು ನಕ್ಷೆ ನೋಡದವರ ಪ್ಲಾನ್. ಉದ್ಯಾನದೊಳಗೆ ಟೆಂಟ್ ಹಾಕಲು ಬಿಡುವುದಿಲ್ಲ. ಹಾಗೆ ಕರೆದೊಯ್ಯುತ್ತೇವೆ ಅನ್ನುವವರಿಂದ ದೂರ ಇರಿ.

ಬೆಂಗಳೂರಿನಿಂದ ಕಳಸ 300 ಕಿಲೋಮೀಟರಿಗೂ ಹೆಚ್ಚು. ರಾತ್ರಿ ಬಸ್ಸಿನಲ್ಲಿ ಬಂದು ಬೆಳಗ್ಗೆ ಇಳಿದ ಕೂಡಲೇ ಹತ್ತಲು ಶುರುಮಾಡುವುದು ಬಹಳ ಜನರ ಅಭ್ಯಾಸ. ಘಾಟಿಯ ತಿರುವುಗಳಲ್ಲಿ ನಿದ್ದೆ ಆಗಿರುವುದಿಲ್ಲ, ಹೊಟ್ಟೆ ತೊಳಸುತ್ತಿರುತ್ತದೆ, ಆ ಸ್ಥಿತಿಯಲ್ಲಿ 20 ಕಿಲೋಮೀಟರ್. ನನ್ನನ್ನು ಕೇಳಿದರೆ ಒಂದು ದಿನ ಮೊದಲೇ ಬಂದು ಮಲಗಿ.

## ಹಂತ 5: ಚೀಲದಲ್ಲಿ ಏನಿರಬೇಕು

ಶೂ ಹಳೆಯದಾಗಿರಲಿ, ಅಡಿಭಾಗದ ಹಲ್ಲು ಸವೆಯದೇ ಇರಲಿ. ಹೊಸ ಶೂ ಆದರೆ ಎರಡು ವಾರ ಮೊದಲೇ ಊರಲ್ಲಿ ಹಾಕಿ ಓಡಾಡಿ. ನಯವಾದ ಅಡಿಯ ಓಟದ ಶೂ ಒದ್ದೆ ಬಂಡೆಯ ಮೇಲೆ ನಿಲ್ಲುವುದಿಲ್ಲ.

ಜೀನ್ಸ್ ಬೇಡ. ಒಮ್ಮೆ ನೆನೆದರೆ ದಿನವಿಡೀ ಒಣಗದು, ತೊಡೆ ಉಜ್ಜಿ ಗಾಯವಾಗುತ್ತದೆ. ಬೇಗ ಒಣಗುವ ಉದ್ದ ಪ್ಯಾಂಟ್, ತುಂಬು ತೋಳಿನ ಅಂಗಿ ಸಾಕು. ಕೊಡೆ ಕಾಡಿನೊಳಗೆ ಪರವಾಗಿಲ್ಲ, ಬೆಟ್ಟದ ಬೆನ್ನಿನ ಮೇಲೆ ಗಾಳಿಗೆ ತಿರುಚಿಕೊಳ್ಳುತ್ತದೆ. ರೈನ್‌ಕೋಟ್ ತನ್ನಿ. ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ ಹೊದಿಕೆ ಹಾಕಿ ಅದರಲ್ಲಿ ಒಂದು ಜೊತೆ ಒಣ ಬಟ್ಟೆ, ಮೊಬೈಲ್, ಟಿಕೆಟ್ ಇಡಿ. ಚೀಲದ ಮೇಲಿನ ಕವರ್ ಮಾತ್ರ ನಂಬಿದರೆ ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ.

ಪ್ರತಿಯೊಬ್ಬರಿಗೂ ಎರಡು ಲೀಟರ್ ನೀರು, ಸ್ಟೀಲ್ ಬಾಟಲಿಯಲ್ಲಿ. ಒಆರ್‌ಎಸ್ ಎರಡು ಪೊಟ್ಟಣ. ಊಟಕ್ಕೆ ಚಿತ್ರಾನ್ನವೋ ಚಪಾತಿಯೋ ಡಬ್ಬಿಯಲ್ಲಿ ಕಟ್ಟಿಕೊಡಲು ಹೋಮ್‌ಸ್ಟೇಯವರಿಗೆ ರಾತ್ರಿಯೇ ಹೇಳಿ. ಬಾಳೆಹಣ್ಣು, ಕಡಲೆ ಚಿಕ್ಕಿ ಜೇಬಿನಲ್ಲಿರಲಿ. ಚಿಪ್ಸ್ ಪ್ಯಾಕೆಟ್, ಪ್ಲಾಸ್ಟಿಕ್ ಬಾಟಲಿ, ಮದ್ಯ ತರಬೇಡಿ. ಚೆಕ್‌ಪೋಸ್ಟಿನಲ್ಲಿ ಚೀಲ ಬಿಚ್ಚಿ ನೋಡುತ್ತಾರೆ. ಡ್ರೋನ್ ಕೂಡ ಮನೆಯಲ್ಲೇ ಇರಲಿ.

ಚಿಕ್ಕ ಟಾರ್ಚ್, ಸೀಟಿ, ಕ್ರೇಪ್ ಬ್ಯಾಂಡೇಜ್, ನಿಮ್ಮ ದಿನನಿತ್ಯದ ಮಾತ್ರೆ, ನಗದು ಹಣ ಇಷ್ಟು ಮರೆಯಬೇಡಿ. ಎಟಿಎಂ, ಪೆಟ್ರೋಲ್ ಎರಡನ್ನೂ ಕಳಸದಲ್ಲೋ ಕಾರ್ಕಳದಲ್ಲೋ ಮುಗಿಸಿಕೊಳ್ಳಿ.

ಇನ್ನು ಇಂಬಳ. ಮಳೆಗಾಲದಲ್ಲಿ ಇದನ್ನು ತಪ್ಪಿಸಲು ಆಗುವುದಿಲ್ಲ, ಕಡಿಮೆ ಮಾಡಿಕೊಳ್ಳಬಹುದು ಅಷ್ಟೇ. ದಾರಿ ಬದಿಯ ಎಲೆಯನ್ನು ಬಗ್ಗಿ ನೋಡಿ. ಬೆಂಕಿಕಡ್ಡಿಗಿಂತ ಸಣ್ಣದು, ಬಾಲ ಊರಿಕೊಂಡು ನೆಟ್ಟಗೆ ಎದ್ದು, ತಲೆಯನ್ನು ಗಾಳಿಯಲ್ಲಿ ಆಚೀಚೆ ಆಡಿಸುತ್ತಾ ಇರುತ್ತದೆ. ಕಾಲು ತಾಗಿತೋ, ಅಂಟಿಕೊಂಡಿತು. ಅಲ್ಲಿಂದ ಅಳೆಯುತ್ತಾ ಮೇಲೇರಿ ಲೇಸಿನ ತೂತಿನಲ್ಲಿ ನುಸುಳುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ, ಸಾಕ್ಸ್ ಕೆಂಪಾದ ಮೇಲೆಯೇ ತಿಳಿಯುವುದು. ಮಂಡಿಯವರೆಗಿನ ಲೀಚ್ ಸಾಕ್ಸ್ ಹಾಕಿ, ಪ್ಯಾಂಟನ್ನು ಅದರೊಳಗೆ ಸೇರಿಸಿ, ಶೂ ಮೇಲೆ ಬೇವಿನೆಣ್ಣೆಯೋ ಹೊಗೆಸೊಪ್ಪಿನ ನೀರೋ ಸವರಿ. ಹತ್ತಿದ್ದನ್ನು ಕಿತ್ತು ಎಳೆಯಬೇಡಿ. ಉಗುರಿನಿಂದ ಬಾಯಿಯ ಕಡೆ ಮೆಲ್ಲಗೆ ಜಾರಿಸಿ, ಇಲ್ಲವೇ ಬಟ್ಟೆಯಲ್ಲಿ ಕಟ್ಟಿದ ಉಪ್ಪು ಮುಟ್ಟಿಸಿ. ಅದರ ಜೊಲ್ಲಿಗೆ ರಕ್ತ ಹೆಪ್ಪುಗಟ್ಟುವುದು ತಡವಾಗುತ್ತದೆ, ಗಾಬರಿ ಬೇಡ. ಬಟ್ಟೆ ಒತ್ತಿ ಹಿಡಿದರೆ ಸ್ವಲ್ಪ ಹೊತ್ತಿಗೆ ನಿಲ್ಲುತ್ತದೆ. ಇಂಬಳ ಇರುವ ಜಾಗದಲ್ಲಿ ನಿಂತು ಇಂಬಳ ತೆಗೆಯಬೇಡಿ. ಒಂದು ತೆಗೆಯುವಷ್ಟರಲ್ಲಿ ಐದು ಹತ್ತುತ್ತವೆ. ಒಣ ಬಂಡೆ ಸಿಗುವವರೆಗೆ ನಡೆಯಿರಿ.

## ಹಂತ 6: ಹಿಂದಿನ ಸಂಜೆ

ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಚಿಕ್ಕಮಗಳೂರು ಜಿಲ್ಲೆ ಒಂದನ್ನೇ ನೋಡಿ ಹೊರಡಬೇಡಿ. ಬೆಟ್ಟದ ಸಾಲು ಗಡಿಯಲ್ಲಿರುವುದರಿಂದ ದಕ್ಷಿಣ ಕನ್ನಡ, ಉಡುಪಿ ಕೂಡ ನೋಡಬೇಕು. 24 ಗಂಟೆಯಲ್ಲಿ 64.5ರಿಂದ 115.5 ಮಿಲಿಮೀಟರ್ ಅಂದರೆ ‘ಭಾರಿ’, 115.6ರಿಂದ 204.4 ‘ಅತಿ ಭಾರಿ’, ಅದಕ್ಕೂ ಮೇಲೆ ಹೋದರೆ ‘ಅತ್ಯಂತ ಭಾರಿ’. ನನ್ನ ಲೆಕ್ಕ ಸರಳ: ಹಳದಿ ಅಲರ್ಟ್ ಇದ್ದರೆ ಗೈಡ್ ಮಾತು ಕೇಳಿ, ಕಿತ್ತಳೆ ಇದ್ದರೆ ಚಾರಣ ಬಿಟ್ಟು ಊರಲ್ಲೇ ಇರಿ, ಕೆಂಪು ಇದ್ದರೆ ಘಾಟಿ ರಸ್ತೆಯಲ್ಲಿ ಕಾರೂ ಓಡಿಸಬೇಡಿ.

ಎಲ್ಲಿಗೆ ಹೋಗುತ್ತಿದ್ದೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ, ಗೈಡ್ ನಂಬರ್ ಯಾವುದು ಇವನ್ನು ಮನೆಗೆ ಮೆಸೇಜ್ ಮಾಡಿ. ಮರುದಿನ ಹಗಲು ಫೋನ್ ಸಿಗುವುದಿಲ್ಲ ಅಂತಲೂ ಹೇಳಿಡಿ. ಇಲ್ಲದಿದ್ದರೆ ಅಮ್ಮ ಮಧ್ಯಾಹ್ನಕ್ಕೇ ಪೊಲೀಸರಿಗೆ ಫೋನ್ ಮಾಡಿರುತ್ತಾರೆ.

## ಹಂತ 7: ನಡಿಗೆಯ ದಿನ

ಮುಳ್ಳೋಡಿಯಿಂದ ಏಳು ಗಂಟೆಯೊಳಗೆ ಹೊರಡಿ. ಹತ್ತಲು ನಾಲ್ಕೈದು ಗಂಟೆ, ಇಳಿಯಲು ಮೂರ್ನಾಲ್ಕು ಗಂಟೆ ಅಂತ ಇಟ್ಟುಕೊಳ್ಳಿ. ಇಳಿಯುವುದು ಬೇಗ ಆಗುತ್ತದೆ ಅನ್ನುವ ಲೆಕ್ಕ ಕೆಸರಿನಲ್ಲಿ ತಪ್ಪುತ್ತದೆ.

ಹೊರಡುವ ಮೊದಲೇ ತಿರುಗುವ ಸಮಯ ಗೊತ್ತುಮಾಡಿ. ಮಧ್ಯಾಹ್ನ ಹನ್ನೆರಡೂವರೆ ಇರಲಿ. ಆ ಹೊತ್ತಿಗೆ ಎಲ್ಲಿದ್ದರೂ, ಶಿಖರ ಕಣ್ಣೆದುರೇ ಇದ್ದರೂ, ವಾಪಸ್. ಹೆಚ್ಚಿನ ಅವಘಡಗಳ ಮೊದಲ ಮಾತು ‘ಇನ್ನು ಸ್ವಲ್ಪ ಅಷ್ಟೇ’ ಅನ್ನುವುದೇ ಆಗಿರುತ್ತದೆ.

ಮೊದಲ ಒಂದೆರಡು ಗಂಟೆ ಸಿಗುವುದು ಏರಿಳಿತ, ಕಾಡು, ಹಳ್ಳ. ಒಂಟಿ ಮರ ಎಂದು ಎಲ್ಲರೂ ಕರೆಯುವ ಮರದ ಹತ್ತಿರ ಬಯಲು ತೆರೆದುಕೊಳ್ಳುತ್ತದೆ. ಇಲ್ಲಿಗೆ ಬರುವಷ್ಟರಲ್ಲಿ ತಂಡದಲ್ಲಿ ಯಾರು ಸುಸ್ತಾಗಿದ್ದಾರೆ ಅಂತ ಗೊತ್ತಾಗಿರುತ್ತದೆ. ಅವರನ್ನು ಇಲ್ಲೇ ಕೂರಿಸಿ ಮುಂದೆ ಹೋಗಬೇಡಿ. ಒಬ್ಬರಾದರೂ ಜೊತೆ ನಿಂತು, ಗೈಡ್‌ಗೆ ಹೇಳಿ, ಕೆಳಗೆ ಇಳಿಸಿ. ಅತಿ ನಿಧಾನ ನಡೆಯುವವರು ಮುಂದೆ, ಗಟ್ಟಿ ಇರುವವರು ಹಿಂದೆ ಇದ್ದರೆ ತಂಡ ಚದುರುವುದಿಲ್ಲ.

ಹುಲ್ಲುಗಾವಲಿನಲ್ಲಿ ಮಂಜು ಇಳಿದರೆ ಹತ್ತಡಿ ಆಚೆಯದೂ ಕಾಣುವುದಿಲ್ಲ. ಕಾಟಿಗಳು, ಅಂದರೆ ಕಾಡುಕೋಣಗಳು, ಓಡಾಡಿ ಮಾಡಿದ ಜಾಡೂ ಕಾಲುದಾರಿಯಂತೆಯೇ ಕಾಣುತ್ತದೆ. ಉದ್ದ ಹುಲ್ಲು ಪ್ರಪಾತದ ಅಂಚನ್ನು ಮುಚ್ಚಿರುತ್ತದೆ. ಮಂಜಿನಲ್ಲಿ ದಾರಿ ತಪ್ಪಿತು ಅನಿಸಿದರೆ ಹುಡುಕುತ್ತಾ ಹೋಗಬೇಡಿ. ಅಲ್ಲೇ ನಿಂತು ಮೂರು ಸಲ ಸೀಟಿ ಊದಿ, ಕಾಯಿರಿ. ಮಂಜು ಸರಿಯುತ್ತದೆ.

ಗುಡುಗು ಕೇಳಿಸಿದರೆ ಬೆಟ್ಟದ ಬೆನ್ನು ಬಿಟ್ಟು ಕೂಡಲೇ ಇಳಿಯಿರಿ. ಒಂಟಿ ಮರ ಫೋಟೋಕ್ಕೆ ಚೆಂದ, ಸಿಡಿಲಿಗೂ ಅದೇ ಮೊದಲು ಸಿಗುವುದು. ಅದರ ಕೆಳಗೆ ನಿಲ್ಲಬೇಡಿ.

ಕಾಟಿ ಎದುರಾದರೆ ನಿಂತುಬಿಡಿ. ಅದು ದಾರಿ ಬಿಡುವವರೆಗೆ ಕಾಯುವುದು, ಅಥವಾ ಮೆಲ್ಲಗೆ ಹಿಂದೆ ಸರಿಯುವುದು. ಮೊಬೈಲ್ ಹಿಡಿದು ಹತ್ತಿರ ಹೋಗುವ ಚಪಲ ಬೇಡ. ದೊಡ್ಡ ಉಸಿರು ಬಿಟ್ಟು ಬುಸುಗುಟ್ಟಿದರೆ, ತಲೆ ತಗ್ಗಿಸಿದರೆ ನೀವು ಆಗಲೇ ತುಂಬಾ ಹತ್ತಿರ ಬಂದಿದ್ದೀರಿ ಅಂತ ಅರ್ಥ.

## ಹಂತ 8: ಹಳ್ಳ ದಾಟುವುದು, ನೀರಿಗೆ ಇಳಿಯುವುದು

ಇದೊಂದು ಹಂತವನ್ನು ತಂಡದ ಎಲ್ಲರಿಗೂ ಓದಿಸಿ.

ಬೆಳಗ್ಗೆ ಹೋಗುವಾಗ ಹಳ್ಳದಲ್ಲಿ ಒಂದು ಕಲ್ಲನ್ನು ಗುರುತು ಇಟ್ಟುಕೊಳ್ಳಿ. ನೀರು ಅದರ ಸೊಂಟಕ್ಕಿದೆಯೋ ನೆತ್ತಿಗಿದೆಯೋ ನೋಡಿ, ಒಂದು ಫೋಟೋ ತೆಗೆಯಿರಿ. ವಾಪಸ್ ಬರುವಾಗ ಅದೇ ಕಲ್ಲು ಕಾಣದಿದ್ದರೆ ದಾಟಬೇಡಿ. ಬೆಳಗ್ಗೆ ಪಾದ ಮುಳುಗುವಷ್ಟಿದ್ದ ಹಳ್ಳ ಮಧ್ಯಾಹ್ನ ಮಂಡಿ ಮುಟ್ಟುವುದು ಮಳೆಗಾಲದಲ್ಲಿ ಮಾಮೂಲು. ನಿಮ್ಮ ತಲೆ ಮೇಲೆ ಬಿಸಿಲಿದ್ದರೂ ಮೇಲಿನ ಬೆಟ್ಟದಲ್ಲಿ ಮಳೆ ಸುರಿಯುತ್ತಿರಬಹುದು ಅಲ್ವಾ?

ಮಂಡಿಗಿಂತ ಮೇಲೆ ಓಡುವ ನೀರಿದ್ದರೆ ನಿಲ್ಲಿ. ಮಳೆ ನಿಂತರೆ ಈ ಸಣ್ಣ ಹಳ್ಳಗಳು ಏರಿದಷ್ಟೇ ಬೇಗ ಇಳಿಯುತ್ತವೆ. ದಾಟುವಾಗ ಚೀಲದ ಸೊಂಟದ ಪಟ್ಟಿ ಬಿಚ್ಚಿಡಿ, ಬಿದ್ದರೆ ಚೀಲ ಕಳಚಬೇಕು. ಶೂ ತೆಗೆಯಬೇಡಿ, ಬರಿಗಾಲು ಪಾಚಿಯ ಮೇಲೆ ಜಾರುತ್ತದೆ. ಮುಖ ನೀರು ಬರುವ ಕಡೆಗಿರಲಿ, ಕೋಲು ಮುಂದೆ ಊರಿ, ಒಂದು ಹೆಜ್ಜೆ ಗಟ್ಟಿಯಾದ ಮೇಲೆ ಇನ್ನೊಂದು. ಜಲಪಾತದ ನೆತ್ತಿಯ ಹತ್ತಿರ ಯಾವತ್ತೂ ಹಳ್ಳ ದಾಟಬೇಡಿ. ಅಲ್ಲಿ ಜಾರಿದರೆ ಹಿಡಿಯಲು ಏನೂ ಇರುವುದಿಲ್ಲ.

ನೀರು ಏರುವ ಮೊದಲು ಸೂಚನೆ ಕೊಡುತ್ತದೆ. ತಿಳಿಯಾಗಿದ್ದದ್ದು ಕೆಂಪು, ಕಂದು ಬಣ್ಣಕ್ಕೆ ತಿರುಗುತ್ತದೆ. ಒಣ ಎಲೆ, ಕಡ್ಡಿ, ನೊರೆ ತೇಲಿ ಬರುತ್ತವೆ. ಸದ್ದು ಭಾರವಾಗುತ್ತದೆ, ಕಲ್ಲು ಉರುಳುವ ಗುಡುಗುಡು ಕೇಳಿಸುತ್ತದೆ. ಬಂಡೆಯ ಒಣ ಅಂಚು ಒದ್ದೆಯಾಗುತ್ತಾ ಬರುತ್ತದೆ. ಇದರಲ್ಲಿ ಒಂದು ಕಂಡರೂ ಚೀಲ, ಚಪ್ಪಲಿ ಬಿಟ್ಟು ಪಕ್ಕದ ಎತ್ತರಕ್ಕೆ ಹತ್ತಿ. ಹಳ್ಳದ ಉದ್ದಕ್ಕೆ ಕೆಳಗೆ ಓಡಬೇಡಿ, ನೀರು ನಿಮಗಿಂತ ಜೋರು.

ಜಲಪಾತದ ಕೆಳಗೆ ತಲೆ ಒಡ್ಡಿ ನಿಲ್ಲುವ ಫೋಟೋ ಎಲ್ಲರಿಗೂ ಬೇಕು. ಮಳೆಗಾಲದಲ್ಲಿ ನೀರಿನ ಜೊತೆ ಕಲ್ಲು, ಕೊಂಬೆಯೂ ಬೀಳುತ್ತದೆ. ಗುಂಡಿಯ ಆಳ ಹಿಂದಿನ ವರ್ಷದಂತೆ ಇರುವುದಿಲ್ಲ, ಬಂಡೆ ಸರಿದಿರುತ್ತದೆ, ಬೀಳುವ ನೀರು ಒಳಗೆ ಸುಳಿ ಎಬ್ಬಿಸಿ ಈಜು ಬರುವವರನ್ನೂ ಕೆಳಗೆ ಎಳೆಯುತ್ತದೆ. ಇಳಿಯಬಾರದು ಅಂತ ಬೋರ್ಡ್ ಹಾಕಿದ್ದರೆ ಅದರ ಹಿಂದೆ ಸಾಮಾನ್ಯವಾಗಿ ಯಾವುದೋ ಸಾವಿನ ಕಥೆ ಇರುತ್ತದೆ. ಬಂಡಾಜೆಯಲ್ಲಂತೂ ನೀವು ಧುಮುಕುವ ಅಂಚಿನ ಮೇಲೆಯೇ ಇರುತ್ತೀರಿ. ಅಲ್ಲಿನ ಕಪ್ಪು ಬಂಡೆ ಒಣಗಿದಂತೆ ಕಂಡರೂ ತೆಳ್ಳಗೆ ಪಾಚಿ ಇರುತ್ತದೆ. ಅಂಚಿನಿಂದ ಹತ್ತು ಹೆಜ್ಜೆ ದೂರ ಕೂತು ನೋಡಿ. ಸೆಲ್ಫಿಗೆ ಬೆನ್ನು ತಿರುಗಿಸಿ ಹಿಂದೆ ಹಿಂದೆ ಸರಿಯುವವರನ್ನು ಕಂಡರೆ, ಪರಿಚಯ ಇಲ್ಲದಿದ್ದರೂ, ಗದರಿ ಕರೆಯಿರಿ.

## ಹಂತ 9: ಏನಾದರೂ ಆದರೆ

ಕಾಲು ಉಳುಕಿದರೆ ಶೂ ಬಿಚ್ಚಬೇಡಿ, ಊದಿಕೊಂಡರೆ ಮತ್ತೆ ಹಾಕಲು ಆಗುವುದಿಲ್ಲ. ಶೂ ಮೇಲೆಯೇ ಕ್ರೇಪ್ ಬ್ಯಾಂಡೇಜ್ ಸುತ್ತಿ, ಕೋಲು ಕೊಟ್ಟು ಇಳಿಸಿ.

ಹಾವು ಕಚ್ಚಿದರೆ ಕೊಯ್ಯುವುದು, ಬಾಯಿಂದ ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಉಂಗುರ, ಗಡಿಯಾರ ತೆಗೆಯಿರಿ. ಕಚ್ಚಿದ ಭಾಗ ಅಲುಗಾಡದಂತೆ ಕಡ್ಡಿ ಕಟ್ಟಿ, ಆದಷ್ಟು ನಡೆಸದೆ ಹೊತ್ತು ಇಳಿಸಿ. ಹಾವನ್ನು ಹುಡುಕಿ ಹೋಗಿ ಸಮಯ ಕಳೆಯಬೇಡಿ.

ಮೈ ನಡುಗಿ, ಮಾತು ತೊದಲುತ್ತಿದ್ದರೆ ಅದು ಸುಸ್ತಲ್ಲ, ಚಳಿ ಹಿಡಿದಿದೆ. ಒದ್ದೆ ಬಟ್ಟೆ ಬಿಚ್ಚಿ ಒಣ ಬಟ್ಟೆ ಹಾಕಿ, ಸಿಹಿ ಏನಾದರೂ ತಿನ್ನಿಸಿ, ಗಾಳಿಯಿಂದ ಮರೆಗೆ ಕರೆದೊಯ್ಯಿರಿ.

ತುರ್ತಿಗೆ 112, ಆಂಬ್ಯುಲೆನ್ಸ್‌ಗೆ 108, ಅರಣ್ಯ ಇಲಾಖೆಯ ಸಹಾಯವಾಣಿ 1926. ಸಿಗ್ನಲ್ ಇಲ್ಲದ ಕಡೆ ಇಬ್ಬರು ಗೈಡ್ ಹೇಳಿದ ಜಾಗಕ್ಕೆ ಹೋಗಿ ಫೋನ್ ಮಾಡಿ, ಒಬ್ಬರು ಗಾಯಾಳುವಿನ ಹತ್ತಿರವೇ ಇರಿ. ಆದ್ದರಿಂದ ನಾಲ್ಕು ಜನಕ್ಕಿಂತ ಕಡಿಮೆ ಇರುವ ತಂಡ ನನಗೆ ಇಷ್ಟವಿಲ್ಲ.

## ಹಂತ 10: ಇಳಿದ ಮೇಲೆ

ಚೆಕ್‌ಪೋಸ್ಟಿನಲ್ಲಿ ಲೆಕ್ಕ ಒಪ್ಪಿಸಿ ಹೊರಡಿ, ಒಬ್ಬರು ಕಡಿಮೆ ಕಂಡರೂ ಅವರು ಹುಡುಕಲು ಹೊರಡುತ್ತಾರೆ. ಜೀಪು ಹತ್ತುವ ಮೊದಲು ಸಾಕ್ಸ್, ಸೊಂಟದ ಪಟ್ಟಿ, ಕಿವಿಯ ಹಿಂದೆ ಇಂಬಳ ನೋಡಿಕೊಳ್ಳಿ. ಸ್ನಾನಕ್ಕೆ ಬಿಸಿನೀರು, ಹೊರನಾಡಿನ ಕಡೆ ಉಳಿದಿದ್ದರೆ ದೇವಸ್ಥಾನದಲ್ಲಿ ರಾತ್ರಿಯ ಊಟವೂ ಸಿಗುತ್ತದೆ.

ಅದೇ ರಾತ್ರಿ ಕಾರು ಓಡಿಸಿ ಬೆಂಗಳೂರಿಗೆ ಹೊರಡಬೇಡಿ. ಬೆಳಗ್ಗೆ ಹೊರಟು ಕಾರ್ಕಳದ ದಾರಿ ಹಿಡಿದರೆ ಉದ್ಯಾನದ ಗೇಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ಅದರಲ್ಲಿರುವ ಹೊತ್ತಿಗೆ ಆಚೆ ಗೇಟು ತಲುಪಬೇಕು, ನಡುವೆ ಎಲ್ಲೆಂದರಲ್ಲಿ ನಿಲ್ಲಿಸಿ ತಿಂಡಿ ತಿನ್ನುವ ಹಾಗಿಲ್ಲ. ಹನುಮನಗುಂಡಿಗೆ ಇಳಿಯುವುದಿದ್ದರೆ ಚೀಟಿ ಬರೆಯುವಾಗಲೇ ಹೇಳಿ. ಕದಂಬಿಯ ಹತ್ತಿರ ತಿರುವಿನಲ್ಲಿ ಕಾರು ನಿಲ್ಲಿಸಬೇಡಿ. ಸ್ವಲ್ಪ ಮುಂದೆ ಅಗಲ ಇರುವ ಕಡೆ ನಿಲ್ಲಿಸಿ, ರಸ್ತೆಯ ಅಂಚಿನಲ್ಲೇ ನಡೆದು ಬನ್ನಿ. ಮಂಜಿನಲ್ಲಿ ಬರುವ ಬಸ್ಸಿಗೆ ನೀವು ಕಾಣುವುದಿಲ್ಲ.